ಕೇಕೆ ತಲುಪುವುದು ಯಾರ ಕಿವಿಗೆ?

ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಚನ್ನಪಟ್ಟಣದಿಂದಲೂ ಜಟ್ಟಿಗಳು ಹೋಗುತ್ತಾರೆ. ಮೈಸೂರು, ಬೆಂಗಳೂರು, ಚಾಮರಾಜನಗರದ ಜಟ್ಟಿಗಳೊಡನೆ ಜೋಡಿ ಕಟ್ಟುತ್ತಾರೆ. ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ಎಂಬ ಆಯುಧ ತೊಟ್ಟು ಇಬ್ಬರು ಎದುರಾದರೆ, ಒಬ್ಬನ ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ನೋಡುವವರು ರಾಜವಂಶಸ್ಥರು ಮತ್ತು ಆಹ್ವಾನಿತರು; ಟಿಕೆಟ್ ಮಾರಾಟದ ಮಾತಿಲ್ಲ. ಒಂದು ವೇಳೆ ಚನ್ನಪಟ್ಟಣದ ಜನ ಬಸ್ಸುಗಟ್ಟಲೆ ಹೋಗಿ ಅರಮನೆಯ ಅಂಗಳದಲ್ಲಿ ಕೂಗೆಬ್ಬಿಸಿದರೂ, ಬಂದ ನೆತ್ತರು ಬಂದಿಲ್ಲವೆಂದು ಆಗುವುದಿಲ್ಲ.

ಬಾಕ್ಸಿಂಗ್ ಹಾಗಲ್ಲ. ನಾಕೌಟ್ ಆದರೆ ಸರಿ, ಎಲ್ಲರಿಗೂ ಕಾಣುತ್ತದೆ. ಆಗದಿದ್ದರೆ ರಿಂಗಿನ ಸುತ್ತ ಕೂತ ಮೂವರೋ ಐವರೋ ಜಡ್ಜ್‌ಗಳು ಸುತ್ತು ಸುತ್ತಿಗೂ ಬರೆದ ಅಂಕಗಳೇ ಫಲಿತಾಂಶ. ದೊಡ್ಡ ಪಂದ್ಯ ಬಂದಾಗಲೆಲ್ಲ ಯಾರ ಕಡೆಗೆ ಎಷ್ಟು ಟಿಕೆಟ್ ಎಂಬ ಜಗಳವೂ ಬರುತ್ತದೆ. ‘ಜನಬೆಂಬಲದಿಂದ ಬಾಕ್ಸರ್‌ಗೆ ಆನೆಬಲ’ ಎಂದು ಪತ್ರಿಕೆಗಳು ಬರೆಯುತ್ತವೆ. ಈ ಆನೆಬಲದ ಮಾತನ್ನು ಅಷ್ಟು ಸುಲಭವಾಗಿ ನಂಬಬೇಕಿಲ್ಲ.

2007ರ ಡಿಸೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ಎದುರು ರಿಕಿ ಹ್ಯಾಟನ್ ಇಳಿದಾಗ ಇಂಗ್ಲೆಂಡಿನಿಂದ ಸಾವಿರಾರು ಅಭಿಮಾನಿಗಳು ವಿಮಾನ ಹತ್ತಿ ಬಂದಿದ್ದರು. ಒಳಗೆ ಹೋಗಲು ಟಿಕೆಟ್ ಇಲ್ಲದವರೂ ಆ ಊರಿಗೆ ಬಂದಿದ್ದರು. ಮೇವೆದರ್ ಇದ್ದದ್ದು ತನ್ನ ಊರಿನಲ್ಲೇ, ಆದರೆ ಹಾಡು, ಕೇಕೆ, ಗದ್ದಲವೆಲ್ಲ ಹ್ಯಾಟನ್ ಕಡೆಗೆ. ಹತ್ತನೇ ಸುತ್ತಿನಲ್ಲಿ ಹ್ಯಾಟನ್ ನೆಲಕ್ಕುರುಳಿದ. ಸಾವಿರ ಗಂಟಲು ಸೇರಿದರೂ ಒಂದು ಎಡಗೈ ಹುಕ್ ತಡೆಯಲಾಗುವುದಿಲ್ಲ.

ಹಾಗಾದರೆ ತವರಿನ ಲಾಭ ಎಂಬುದೇ ಸುಳ್ಳೇ? ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತದೆ. ಇಂಗ್ಲೆಂಡಿನ ಅಲನ್ ನೆವಿಲ್, ನೈಜೆಲ್ ಬಾಮರ್ ಮತ್ತು ಸಂಗಡಿಗರು ಈ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಕೂತವರು. ಅವರ ಒಂದು ಪ್ರಯೋಗ ಫುಟ್‌ಬಾಲಿನದು, 2002ರಲ್ಲಿ ಪ್ರಕಟವಾಯಿತು. ಲಿವರ್‌ಪೂಲ್ ತನ್ನ ಮೈದಾನದಲ್ಲಿ ಲೀಸೆಸ್ಟರ್ ವಿರುದ್ಧ ಆಡಿದ ಪಂದ್ಯದ ವಿಡಿಯೊದಿಂದ, ಆಟಗಾರರು ಚೆಂಡಿಗಾಗಿ ಮೈಮೇಲೆ ಬಿದ್ದ 47 ತುಣುಕುಗಳನ್ನು ಆಯ್ದರು. ಅರ್ಹತೆ ಪಡೆದ 40 ರೆಫರಿಗಳನ್ನು ಕರೆಸಿ, ಅರ್ಧದಷ್ಟು ಜನರಿಗೆ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ ತೋರಿಸಿ, ಇದು ಫೌಲೋ ಅಲ್ಲವೋ ಎಂದು ಕೇಳಿದರು. ಗದ್ದಲ ಕೇಳಿಸಿಕೊಂಡವರು ಲಿವರ್‌ಪೂಲ್ ಮೇಲೆ ಶೇ. 15.5ರಷ್ಟು ಕಡಿಮೆ ಫೌಲ್ ಕೊಟ್ಟಿದ್ದರು. ಬಂದ ತಂಡವನ್ನು ಹೆಚ್ಚಾಗಿ ದಂಡಿಸಿರಲಿಲ್ಲ. ತವರು ತಂಡದ ತಪ್ಪುಗಳನ್ನು ಹೆಚ್ಚಾಗಿ ಬಿಟ್ಟುಬಿಟ್ಟಿದ್ದರು. ವಿಡಿಯೊ ನೋಡುತ್ತಿದ್ದವರಿಗೆ ಯಾರ ಹೆದರಿಕೆಯೂ ಇರಲಿಲ್ಲ, ಯಾರ ಹಂಗೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಅದೇ ಬಳಗ 2005ರಲ್ಲಿ ಬಾಕ್ಸಿಂಗ್‌ಗೇ ಬಂದಿತು. 1910ರಿಂದ 2002ರವರೆಗಿನ ಯುರೋಪಿಯನ್ ಚಾಂಪಿಯನ್‌ಷಿಪ್ ಕಾದಾಟಗಳು, ಒಟ್ಟು 788. ಪ್ರವರ್ತಕರು ತವರಿನ ಹುಡುಗನಿಗೆ ಸುಲಭದ ಎದುರಾಳಿಯನ್ನು ತಂದು ನಿಲ್ಲಿಸುವುದು ಹಳೆಯ ಚಾಳಿ. ಆದ್ದರಿಂದ ಬಾಕ್ಸರ್‌ಗಳ ಗುಣಮಟ್ಟವನ್ನೂ ಲೆಕ್ಕಕ್ಕೆ ಹಿಡಿದರು. ಇಬ್ಬರೂ ಸರಿಸಮಾನರಾದರೆ ತವರಿನವನು ಗೆಲ್ಲುವ ಸಂಭವ ನಾಕೌಟ್‌ನಲ್ಲಿ ಶೇ. 57. ರೆಫರಿ ನಡುವೆ ನಿಲ್ಲಿಸಿದ ಪಂದ್ಯಗಳಲ್ಲಿ ಶೇ. 66. ಜಡ್ಜ್‌ಗಳ ಅಂಕಗಳಿಂದ ತೀರ್ಮಾನವಾದವುಗಳಲ್ಲಿ ಶೇ. 74! ಮನುಷ್ಯನ ತೀರ್ಪು ಬೆರೆತಷ್ಟೂ ತವರಿನ ಲಾಭ ಏರುತ್ತಾ ಹೋಗುತ್ತದೆ. ಜನಬೆಂಬಲ ಬಾಕ್ಸರ್‌ನ ತೋಳಿಗೇ ಶಕ್ತಿ ತುಂಬುವುದಾಗಿದ್ದರೆ ನಾಕೌಟ್‌ಗಳಲ್ಲೂ ಅಷ್ಟೇ ಕಾಣಬೇಕಿತ್ತಲ್ಲ?

ಒಲಿಂಪಿಕ್ಸ್‌ನ ನೂರು ವರ್ಷದ ಪದಕಗಳನ್ನು ಜಾಲಾಡಿದಾಗಲೂ ಇದೇ ಚಿತ್ರ. ಗಡಿಯಾರ, ಅಳತೆಪಟ್ಟಿ, ತೂಕ ನಿರ್ಧರಿಸುವ ಅಥ್ಲೆಟಿಕ್ಸ್ ಮತ್ತು ಭಾರ ಎತ್ತುವುದರಲ್ಲಿ ಆತಿಥೇಯರಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಬಾಕ್ಸಿಂಗ್, ಜಿಮ್ನಾಸ್ಟಿಕ್ಸ್‌ನಲ್ಲಿ ಭರ್ಜರಿ. ಮುಂದೆ 2012ರಲ್ಲಿ ಟೋನಿ ಮೈಯರ್ಸ್ ಮತ್ತು ಬಾಮರ್ ಥಾಯ್ಲೆಂಡ್ ಶೈಲಿಯ ಬಾಕ್ಸಿಂಗ್‌ನ ಜಡ್ಜ್‌ಗಳನ್ನು ನಿಜವಾದ ಕಾದಾಟದ ರಿಂಗಿನ ಪಕ್ಕದಲ್ಲೇ ಕೂರಿಸಿ, ಕೆಲವರ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿದರು. ಕಿವಿ ತೆರೆದಿದ್ದವರು ತವರಿನ ಹೋರಾಟಗಾರನಿಗೆ ಸುಮಾರು ಅರ್ಧ ಅಂಕ ಹೆಚ್ಚು ಕೊಟ್ಟರು.

ಕಾರಣ ಊಹಿಸುವುದು ಕಷ್ಟವಲ್ಲ. ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಪಂಚ್ ಹೋಗಿರುತ್ತವೆ. ಯಾವುದು ಕೈಗವಸಿಗೆ ತಾಗಿತು, ಯಾವುದು ದವಡೆಗೆ ಬಿತ್ತು ಎಂದು ಕಣ್ಣು ತಡವರಿಸುವಾಗ ಹಿಂದಿನಿಂದ ‘ಹೋ’ ಎಂಬ ಸದ್ದು ಬರುತ್ತದೆ. ಪಂಚ್ ಬಿದ್ದಿದ್ದರಿಂದಲೇ ಸದ್ದು ಬಂತು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿಕೊಳ್ಳುತ್ತದೆ. ಇದರಲ್ಲಿ ಅಪ್ರಾಮಾಣಿಕತೆಯೇನೂ ಇಲ್ಲ. 2020ರ ಕೊರೊನಾ ಕಾಲದಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ನಡೆದ ಫುಟ್‌ಬಾಲ್ ಪಂದ್ಯಗಳಲ್ಲಿ ಬಂದ ತಂಡಕ್ಕೆ ತೋರಿಸುವ ಹಳದಿ ಕಾರ್ಡ್‌ಗಳು ಇಳಿದದ್ದೂ ಇದಕ್ಕೆ ಹೊಂದುತ್ತದೆ.

ಹಾಗೆಂದು ಪ್ರತಿ ಅನ್ಯಾಯಕ್ಕೂ ಜನರ ಗದ್ದಲವೇ ಕಾರಣವೆನ್ನಲಾಗದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಎರಡು ಪಟ್ಟಿಗೂ ಹೆಚ್ಚು ಪಂಚ್ ಹೊಡೆದರೂ ಕೊರಿಯಾದ ಪಾರ್ಕ್ ಸಿ-ಹುನ್ 3-2ರಿಂದ ಗೆದ್ದ; ಅಲ್ಲಿ ಜನರು ಬೊಟ್ಟು ಮಾಡಿದ್ದು ಜಡ್ಜ್‌ಗಳ ಕಿವಿಗಲ್ಲ, ನಿಯತ್ತಿಗೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಸೆಮಿಫೈನಲ್‌ನಲ್ಲಿ ನಮ್ಮ ಸರಿತಾ ದೇವಿ ಕೊರಿಯಾದ ಪಾರ್ಕ್ ಜಿ-ನಾ ಎದುರು ಅಂಕಗಳಲ್ಲಿ ಸೋತು, ಕಂಚಿನ ಪದಕವನ್ನು ಆಕೆಯ ಕೊರಳಿಗೇ ಹಾಕಿ ಬಂದರು. ಅದಕ್ಕೆ ಒಂದು ವರ್ಷದ ನಿಷೇಧವೂ ಆಯಿತು. ದೂರು ಕೊಡುವವರು ನಾವಷ್ಟೇ ಎಂದುಕೊಳ್ಳಬೇಕಿಲ್ಲ. ದೆಹಲಿಯಲ್ಲಿ ನಡೆದ 2006 ಮತ್ತು 2023ರ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಭಾರತಕ್ಕೆ ನಾಲ್ಕು ನಾಲ್ಕು ಚಿನ್ನ ಬಂದವು. 2019ರಲ್ಲಿ ರಷ್ಯಾದ ಉಲಾನ್-ಉದೆಯಲ್ಲಿ ಒಂದೂ ಇಲ್ಲ. ಇಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ: 2023ರಲ್ಲಿ ಅಮೆರಿಕ ಸೇರಿ ಹಲವು ದೇಶಗಳು ಬಹಿಷ್ಕರಿಸಿದ್ದವು, 2022ರಲ್ಲಿ ನಿಖತ್ ಜರೀನ್ ಇಸ್ತಾಂಬುಲ್‌ನಲ್ಲಿ ಚಿನ್ನ ಗೆದ್ದಾಗ ಅದು ನಮ್ಮ ನೆಲವಾಗಿರಲಿಲ್ಲ.

ಟಿಕೆಟ್ ಹಂಚಿಕೆಯ ಮಾತಿಗೆ ಬರೋಣ. 2015ರ ಮೇ 2ರಂದು ಮೇವೆದರ್–ಪಕ್ವಿಯಾವೊ ಕಾದಾಟಕ್ಕೆ ಸುಮಾರು 16 ಸಾವಿರ ಆಸನ. ಸಾರ್ವಜನಿಕ ಮಾರಾಟಕ್ಕೆ ಬಂದದ್ದು ಸಾವಿರವೂ ಇಲ್ಲ, ಅವೂ ನೋಡನೋಡುತ್ತಲೇ ಖಾಲಿ. ಉಳಿದವು ಹೋಟೆಲ್, ಪ್ರವರ್ತಕರು ಮತ್ತು ಎರಡೂ ಪಾಳೆಯಗಳ ಪಾಲಾದವು. ಇಷ್ಟೆಲ್ಲ ಹಂಚಾಟದ ಮೇಲೂ ಜನ ಕೂಗಿದ್ದು ಪಕ್ವಿಯಾವೊ ಪರ. ಜಡ್ಜ್‌ಗಳು ಬರೆದದ್ದು 118-110, 116-112, 116-112, ಮೂವರೂ ಮೇವೆದರ್ ಕಡೆ. ಹನ್ನೆರಡರಲ್ಲಿ ಎಂಟು, ಹತ್ತು ಸುತ್ತು ಗೆದ್ದವನನ್ನು ಯಾವ ಕೂಗೂ ಅಲುಗಿಸದು. ಅರ್ಧ ಅಂಕದ ಗದ್ದಲಕ್ಕೆ ಬೆಲೆ ಬರುವುದು ಕೂದಲೆಳೆಯ ಪಂದ್ಯಗಳಲ್ಲಿ.

ಅಂಥದ್ದೊಂದು ಮುಂಬೈಯ ವರ್ಲಿಯಲ್ಲೇ ನಡೆದಿದೆ. 2017ರ ಆಗಸ್ಟ್ 5, ಭಾರತ–ಚೀನಾ ನಡುವೆ ಡೋಕ್ಲಾಂ ಗಡಿ ಬಿಕ್ಕಟ್ಟು ಕಾವೇರಿದ್ದ ದಿನಗಳು; ವಿಜೇಂದರ್ ಸಿಂಗ್ ಎದುರು ಚೀನಾದ ಜುಲ್ಪಿಕಾರ್ ಮೈಮೈತಿಯಾಲಿ. ಹತ್ತು ಸುತ್ತುಗಳ ಕೊನೆಗೆ ವಿಜೇಂದರ್ ಪರವಾಗಿ 96-93, 95-94, 95-94. ಗೆದ್ದವರೇ ಶಾಂತಿಗಾಗಿ ಚೀನಾದವನ ಪಟ್ಟ ಮರಳಿಸುತ್ತೇನೆ ಎಂದರು. ಆ ತೀರ್ಪು ತಪ್ಪೆಂದು ಹೇಳಲು ಯಾವ ಆಧಾರವೂ ಇಲ್ಲ. ಲೆಕ್ಕ ಮಾತ್ರ ಹೀಗಿದೆ: 95-94 ಬರೆದ ಇಬ್ಬರೂ ಹತ್ತರಲ್ಲಿ ಒಂದೇ ಒಂದು ಸುತ್ತನ್ನು ಆ ಕಡೆಗೆ ಬರೆದಿದ್ದರೆ, ಚೀಟಿಗಳಲ್ಲಿ 94-95 ಇರುತ್ತಿತ್ತು.