ಓಡುತ್ತಾ ಓಡುತ್ತಾ ಆಫ್ ಆಗುವ ಗಾಡಿ

ಸ್ಟಾರ್ಟೇ ಆಗದ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ತೊಂದರೆ ಕಣ್ಣೆದುರಿಗೇ ಇರುತ್ತದೆ, ಸಂಜೆಯವರೆಗೂ ಅಲ್ಲೇ ಇರುತ್ತದೆ, ಒಂದೊಂದಾಗಿ ನೋಡುತ್ತಾ ಹೋದರೆ ಸಿಕ್ಕೇ ಸಿಗುತ್ತದೆ. ಕಷ್ಟ ಕೊಡುವುದು ಚೆನ್ನಾಗಿ ಓಡುತ್ತಿದ್ದ ಹಾಗೇ ನಡುರಸ್ತೆಯಲ್ಲಿ ಆಫ್ ಆಗಿ, ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಗುವ ಹಳೇ ಗಾಡಿ. ಗ್ಯಾರೇಜಿಗೆ ತಂದು ಐಡಲಿಂಗ್‌ನಲ್ಲಿ ನಿಲ್ಲಿಸಿದರೆ ದಿನವಿಡೀ ಒಂದು ಸಲವೂ ಕೆಮ್ಮುವುದಿಲ್ಲ. ಮಾಲೀಕರು ಒಯ್ಯುತ್ತಾರೆ, ಊರು ದಾಟುವಷ್ಟರಲ್ಲಿ ಮತ್ತೆ ಫೋನು.

ಹಾಸನದ ನನ್ನ ಶೆಡ್ಡಿಗೆ ಇಂಥವು ಬರುವುದು ಬಹುಪಾಲು ಬೇರೆ ಕಡೆ ಸುತ್ತಾಡಿದ ಮೇಲೆಯೇ. ಅಷ್ಟರಲ್ಲಿ ಕಾಯಿಲ್ ಬದಲಾಗಿರುತ್ತದೆ, ಪ್ಲಗ್ ಬದಲಾಗಿರುತ್ತದೆ, ಕಾರ್ಬುರೇಟರ್‌ಗೆ ಹೊಸ ಕಿಟ್ ಬಿದ್ದಿರುತ್ತದೆ. ಡಿಕ್ಕಿಯಲ್ಲಿ ಬಿಚ್ಚಿದ ಹಳೇ ಸಾಮಾನಿನ ಚೀಲವೊಂದು ಇರುತ್ತದೆ. ಅದನ್ನು ಬೆಂಚಿನ ಮೇಲೆ ಸುರಿದು ನೋಡಿದರೆ ಹೆಚ್ಚಿನವು ಕೆಟ್ಟೇ ಇರುವುದಿಲ್ಲ. ಹಳೆಯ ಗಾಡಿ ಇಟ್ಟುಕೊಂಡವರು ಅದನ್ನು ಪ್ರೀತಿಯಿಂದ ಇಟ್ಟುಕೊಂಡವರು. ಅವರ ದುಡ್ಡು ಹೀಗೆ ಗುಜರಿಗೆ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಾಗಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತ ಉಸ್ತಾದರು ಬಾನೆಟ್ ಎತ್ತುವ ಮೊದಲು ಮಾಲೀಕರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ‘ಗಾಡಿ ಹೆಂಗೆ ಆಫ್ ಆಯ್ತು ಅಂತ ಕೇಳಪ್ಪಾ. ಆಮೇಲೆ ಸ್ಪ್ಯಾನರ್ ಹಿಡಿ’ ಎಂದು ನಮಗೆ ಹೇಳುತ್ತಿದ್ದರು. ಆ ‘ಹೆಂಗೆ’ಯಲ್ಲೇ ಅರ್ಧ ಕೆಲಸವಿದೆ. ಪೆಟ್ರೋಲ್ ಎಂಜಿನ್‌ಗೆ ಮುಖ್ಯವಾಗಿ ಬೇಕಾದದ್ದು ಪೆಟ್ರೋಲ್ ಮತ್ತು ಕಿಡಿ. ಗ್ಯಾರೇಜಿನ ಮಾತಿನಲ್ಲಿ ಕಿಡಿಗೆ ‘ಕರೆಂಟ್’ ಅನ್ನುತ್ತೇವೆ. ಕರೆಂಟ್ ಹೋದರೆ ಎಂಜಿನ್ ಸ್ವಿಚ್ ಆರಿಸಿದ ಹಾಗೆ ಫಟ್ಟನೆ ನಿಲ್ಲುತ್ತದೆ, ಮುನ್ಸೂಚನೆ ಇರುವುದಿಲ್ಲ. ಪೆಟ್ರೋಲ್ ಕಡಿಮೆಯಾದರೆ ಹಾಗಲ್ಲ. ಮೊದಲು ಎಳೆತ ಕುಗ್ಗುತ್ತದೆ, ಮುಗ್ಗರಿಸುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತದೆ, ಆಮೇಲೆ ನಿಲ್ಲುತ್ತದೆ. ಕಾರ್ಬುರೇಟರ್‌ನ ಬಟ್ಟಲಿನಲ್ಲಿ ಉಳಿದಿರುವ ಪೆಟ್ರೋಲ್ ಖಾಲಿಯಾಗುವವರೆಗೆ ಅದು ಒದ್ದಾಡಿಕೊಂಡು ಓಡುತ್ತದೆ. ಮತ್ತೆ ಸ್ಟಾರ್ಟ್ ಆಗಲು ಎಷ್ಟು ಹೊತ್ತು ಬೇಕಾಯಿತು ಎಂಬುದೂ ಅಷ್ಟೇ ಮುಖ್ಯ. ತಕ್ಷಣ ಹಿಡಿದರೆ ಎಲ್ಲೋ ಸಡಿಲ ವೈರು. ಕಾಲು ಗಂಟೆ, ಅರ್ಧ ಗಂಟೆ ಆರಬೇಕಾದರೆ ಬಿಸಿಯ ಸಮಸ್ಯೆ ಇರಬಹುದು.

ಒಂದು ಗಾಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರ 1986ರ ಅಂಬಾಸಡರ್. ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್. ಕಾಯಿಲ್, ಕಂಡೆನ್ಸರ್, ಎಸಿ ಪಂಪ್ (ಎಂಜಿನ್ ಪಕ್ಕದಲ್ಲಿರುವ ಪೆಟ್ರೋಲ್ ಪಂಪಿಗೆ ನಾವು ಹಾಗೆನ್ನುತ್ತೇವೆ), ಕಾರ್ಬುರೇಟರ್ ಕಿಟ್ ಎಲ್ಲವೂ ಹೊಸದಾಗಿದ್ದವು.

‘ಎಲ್ಲಿ ಆಫ್ ಆಗುತ್ತೆ ಗೌಡ್ರೇ? ಘಾಟಿ ಹತ್ತುವಾಗಲಾ?’ ಎಂದೆ.

‘ಅದೇ ಮಾರಾಯ್ರೇ ವಿಚಿತ್ರ. ಚಾರ್ಮಾಡಿ ಹತ್ತುವಾಗ ಒಂದು ದಿನವೂ ನಿಂತಿಲ್ಲ. ಬೇಲೂರು ದಾಟಿ ಹಾಸನದ ಕಡೆ ಸಮ ರಸ್ತೆ ಸಿಕ್ತಲ್ಲ, ಅಲ್ಲಿ ಜರ್ಕ್ ಹೊಡೆಯೋಕೆ ಶುರು. ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಹಿಡಿಯುತ್ತೆ. ಅದಕ್ಕೇ ಎಲ್ಲರೂ ಕಾರ್ಬುರೇಟರ್ ಅಂದ್ರು.’

ಅವರು ಹೇಳಿದ್ದನ್ನು ನಾನು ಎರಡು ಸಲ ಕೇಳಿಸಿಕೊಂಡೆ. ಪೆಟ್ರೋಲ್ ಕೊರತೆಯ ಗಾಡಿ ಘಾಟಿಯಲ್ಲೇ ಮೊದಲು ಸೋಲಬೇಕು, ಎಂಜಿನ್ ಅತಿ ಹೆಚ್ಚು ಪೆಟ್ರೋಲ್ ಕುಡಿಯುವುದು ಅಲ್ಲಿ. ಬಿಸಿಗೆ ಸಾಯುವ ಕಾಯಿಲ್ ಆದರೂ ಅಲ್ಲೇ ಸಾಯಬೇಕು. ಹಗುರವಾಗಿ ಓಡುವಾಗ ಮಾತ್ರ ಬರುವ ತೊಂದರೆಯೆಂದರೆ ನೋಡಬೇಕಾದ ಜಾಗ ಬೇರೆ.

ಇಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ನಡೆಯುವುದನ್ನು ತಿಳಿಯಬೇಕು. ಬ್ಯಾಟರಿಯ 12 ವೋಲ್ಟ್ ಕಾಯಿಲ್ ಮೂಲಕ ಸಿಬಿ ಪಾಯಿಂಟ್ ಎಂಬ ಸಣ್ಣ ಸ್ವಿಚ್‌ಗೆ ಬರುತ್ತದೆ. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ನಲ್ಲಿ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಬಿಚ್ಚಿದ ಕ್ಷಣ ಅದು ಕುಸಿದು ಹತ್ತಾರು ಸಾವಿರ ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಏರ್ಪಾಡು 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂದದ್ದು. ನಮ್ಮ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳೂ ಅದರ ಮೇಲೆಯೇ ಓಡಿದವು. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಕಿಡಿ ಬೇಕು. ಅಂದರೆ ಪಾಯಿಂಟ್‌ಗೆ ಹೋಗುವ ವೈರು ರೆಪ್ಪೆ ಬಡಿಯುವಷ್ಟು ಹೊತ್ತು ಕೈಕೊಟ್ಟರೂ ಹತ್ತಾರು ಕಿಡಿ ತಪ್ಪುತ್ತವೆ.

ಸಿಬಿ ಪಾಯಿಂಟ್ ಕೂತಿರುವ ಪ್ಲೇಟ್ ಸ್ಥಿರವಾಗಿ ನಿಂತಿರುವುದಿಲ್ಲ. ಕಾರ್ಬುರೇಟರ್‌ನಿಂದ ಒಂದು ಸಣ್ಣ ಪೈಪ್ ಡಿಸ್ಟ್ರಿಬ್ಯೂಟರ್ ಪಕ್ಕದ ಡಬ್ಬಿಗೆ ಬರುತ್ತದೆ. ಸಮ ರಸ್ತೆಯಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ ಆ ಪೈಪಿನಲ್ಲಿ ಎಳೆತ ಹೆಚ್ಚು. ಡಬ್ಬಿಯೊಳಗಿನ ಪರದೆ ಪ್ಲೇಟನ್ನು ಒಂದಿಷ್ಟು ತಿರುಗಿಸಿ ಕಿಡಿ ತುಸು ಮುಂಚೆ ಬರುವಂತೆ ಮಾಡುತ್ತದೆ, ಮೈಲೇಜ್ ಚೆನ್ನಾಗಿ ಬರಲೆಂದು. ಘಾಟಿಯಲ್ಲಿ ಪೂರ್ತಿ ಒತ್ತಿದಾಗ ಆ ಎಳೆತ ಬಿದ್ದುಹೋಗಿ ಪ್ಲೇಟ್ ವಾಪಸ್ ಬರುತ್ತದೆ. ಐಡಲಿಂಗ್‌ನಲ್ಲಿಯೂ ಅಷ್ಟೆ, ಅದು ಅಲುಗುವುದಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿ ಯಾಕೆ ಕೆಮ್ಮಲಿಲ್ಲ ಎಂಬುದು ಈಗ ಗೊತ್ತಾಗುತ್ತದೆ. ರೇಸ್ ಮಾಡಿ ಹಿಡಿದಾಗ ಒಮ್ಮೊಮ್ಮೆ ಒಂದು ಮಿಸ್ ಬರುತ್ತಿತ್ತಂತೆ, ಅದಕ್ಕೂ ಕಾರ್ಬುರೇಟರ್ ಮೇಲೆಯೇ ದೂರು ಬಿದ್ದಿತ್ತು.

ಆದರೂ ಊಹೆ ಮಾಡಿ ಬಿಚ್ಚಲಿಲ್ಲ. ಕಾಯಿಲ್‌ಗೆ ಕೀ ಕಡೆಯಿಂದ ಕರೆಂಟ್ ಬರುವ ತುದಿಗೆ ಉದ್ದದ ವೈರು ಕಟ್ಟಿ, 12 ವೋಲ್ಟಿನ ಸಣ್ಣ ಬಲ್ಬೊಂದನ್ನು ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಹಾಕಿ ಕೂರಿಸಿದೆ. ಗೌಡರೇ ಓಡಿಸಿದರು. ಸಮ ರಸ್ತೆಯಲ್ಲಿ ಜರ್ಕ್ ಹೊಡೆಯಿತು, ಬಲ್ಬ್ ಆರಲಿಲ್ಲ. ಕೀ ಸ್ವಿಚ್, ಅಲ್ಲಿಂದ ಬರುವ ವೈರಿಂಗ್ ಎಲ್ಲ ಸರಿಯಿದೆ, ತೊಂದರೆ ಅದರ ಆಚೆ ಎಂದಾಯಿತು. ವಾಪಸ್ ಬಂದು ಐಡಲಿಂಗ್‌ನಲ್ಲಿ ನಿಲ್ಲಿಸಿ, ಆ ಸಣ್ಣ ಪೈಪನ್ನು ಕಾರ್ಬುರೇಟರ್‌ನಿಂದ ಬಿಡಿಸಿ ಬಾಯಲ್ಲಿ ಎಳೆದೆ. ಎಂಜಿನ್ ಫಟ್ಟನೆ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿ ಎಳೆದೆ, ಮತ್ತೆ ನಿಂತಿತು. ಗೌಡರು ‘ಓಹೋ!’ ಎಂದು ಬಾನೆಟ್ ಕೆಳಗೇ ಬಗ್ಗಿಬಿಟ್ಟರು.

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್‌ಗೆ ಹೋಗುವ ಗೇಣುದ್ದವೂ ಇಲ್ಲದ ವೈರನ್ನು ಮೆಲ್ಲಗೆ ಎಳೆದಾಗ ಅದು ರಬ್ಬರಿನಂತೆ ಉದ್ದವಾಯಿತು. ಒಳಗಿನ ತಾಮ್ರದ ಎಳೆಗಳು ತುಂಡಾಗಿ ಮೇಲಿನ ಹೊದಿಕೆ ಮಾತ್ರ ಉಳಿದಿತ್ತು. ಪ್ಲೇಟ್ ವಾಪಸ್ ಬಂದಾಗ ತುಂಡುಗಳು ಒಂದಕ್ಕೊಂದು ತಾಗುತ್ತಿದ್ದವು, ತಿರುಗಿದಾಗ ಬಿಡುತ್ತಿದ್ದವು. ಮೀಟರ್ ಹಿಡಿದು ನೋಡಿದವರಿಗೂ ‘ಬೀಪ್’ ಬಂದು ವೈರು ಸರಿಯಾಗಿದೆ ಎಂದೇ ತೋರಿಸಿರಬೇಕು. ಅಲ್ಲಿಗೆ ಮನೆ ವೈರಿಂಗಿನ ಗಟ್ಟಿ ವೈರು ಹಾಕಿದರೆ ಸ್ವಲ್ಪ ಕಾಲದಲ್ಲೇ ಅದೂ ಮುರಿಯುತ್ತದೆ. ಕೂದಲಿನಷ್ಟು ಸಣ್ಣ ಎಳೆಗಳು ತುಂಬಾ ಇರುವ, ಮೆತ್ತನೆಯ ಸಿಲಿಕೋನ್ ಹೊದಿಕೆಯ ವೈರು ಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಸಾಮಾನಿನ ಖರ್ಚು ಒಂದು ಕಾಫಿಗಿಂತ ಹೆಚ್ಚಲ್ಲ.

ಬಿಸಿಗೆ ಕೈಕೊಡುವ ಕಾಯಿಲ್, ಕಂಡೆನ್ಸರ್‌ಗಳ ಕಥೆ ಇಷ್ಟು ಜಟಿಲವಲ್ಲ. ಗಾಡಿ ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ನಿಲ್ಲುತ್ತದೆ, ಆರಿದ ಮೇಲೆ ಹೊರಡುತ್ತದೆ. ನಿಂತ ಆ ಹೊತ್ತಿನಲ್ಲೇ ಕರೆಂಟ್ ನೋಡಬೇಕು. ಡಿಸ್ಟ್ರಿಬ್ಯೂಟರ್ ನಡುವಿನ ದಪ್ಪ ವೈರನ್ನು ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ಎಂಜಿನ್ನಿನ ಲೋಹದಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದರೆ ನೀಲಿ ಕಿಡಿ ಚಟಚಟ ಹಾರಬೇಕು. ಹಳದಿಯಾಗಿ ಸೊರಗಿದ್ದರೆ ಅಥವಾ ಇಲ್ಲವೇ ಇಲ್ಲವಾದರೆ, ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದು ಕಂಡೆನ್ಸರ್ ಹಾಕಿ ನೋಡಿ, ಆಮೇಲೆ ಕಾಯಿಲ್. ಪೆಟ್ರೋಲ್ ವಾಸನೆ ಬರುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಪೆಟ್ರೋಲ್ ಕಡೆ ಬಂದರೆ ಮೊದಲು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗಬೇಕು. ಗಾಳಿಯ ದಾರಿ ಕಟ್ಟಿದರೆ, ಅಥವಾ ಯಾವುದೋ ಗಾಡಿಯ ತೂತಿಲ್ಲದ ಮುಚ್ಚಳ ಹಾಕಿದ್ದರೆ, ಒಂದಷ್ಟು ದೂರ ಓಡಿದ ಮೇಲೆ ಪಂಪ್ ಎಳೆದರೂ ಪೆಟ್ರೋಲ್ ಬರುವುದಿಲ್ಲ. ನಿಂತ ಕೂಡಲೇ ಮುಚ್ಚಳ ಬಿಚ್ಚಿ. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಹಿಡಿದರೆ ಬೇರೆ ಪರೀಕ್ಷೆ ಬೇಡ. ಎರಡನೆಯದು ಟ್ಯಾಂಕಿನೊಳಗಿನ ತುಕ್ಕಿನ ಹಕ್ಕಳೆ. ಓಡುವಾಗ ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತದೆ, ಎಂಜಿನ್ ನಿಂತು ಎಳೆತ ಹೋದಾಗ ಕಳಚಿ ಬೀಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎಸಿ ಪಂಪ್ ಕಾದು ಪೆಟ್ರೋಲ್ ಒಳಗೇ ಆವಿಯಾಗಿ ನಿಲ್ಲುವುದು ಹಳೇ ಡ್ರೈವರ್‌ಗಳಿಗೆಲ್ಲ ಗೊತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಹೊರಡುತ್ತದೆ.

ಈಗ ಇದಕ್ಕೆಲ್ಲ ಎಥೆನಾಲ್ ಸೇರಿಕೊಂಡಿದೆ. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಗಸಿಯನ್ನು ಕದಡುತ್ತದೆ. ಕಾರ್ಬುರೇಟರ್ ಬಟ್ಟಲಿನಲ್ಲಿ ಕಪ್ಪು ಚೂರು ಕಂಡರೆ ಪೈಪು ಒಳಗಿನಿಂದ ಕರಗುತ್ತಿದೆ ಎಂದರ್ಥ. ಎಥೆನಾಲ್ ತಡೆಯುವ ಹೊಸ ಪೈಪು ಹಾಕಿಸಿ, ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಪೂರ್ತಿ. ಇದು ಮಾತ್ರ ಕೆಡುವ ಮೊದಲೇ ಬದಲಿಸಿ ಎಂದು ನಾನು ಒತ್ತಾಯಿಸುವ ಸಾಮಾನು, ಯಾಕೆಂದರೆ ಆ ಪೈಪು ಬಿರಿದರೆ ಗಾಡಿ ನಿಲ್ಲುವುದಷ್ಟೇ ಅಲ್ಲ, ಬೆಂಕಿಯೂ ಹತ್ತಬಹುದು.

ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಬಂದ ಗಾಡಿಗಳೂ ಈಗ ಇಪ್ಪತ್ತು ವರ್ಷ ದಾಟಿವೆ. ಅವುಗಳಲ್ಲಿ ಬಿಸಿಗೆ ಕೈಕೊಡುವ ಕ್ರ್ಯಾಂಕ್ ಸೆನ್ಸರ್, ಪೆಟ್ರೋಲ್ ಪಂಪಿನ ರಿಲೇ, ತುಕ್ಕು ಹಿಡಿದ ಅರ್ಥಿಂಗ್ ಇವೇ ಹೆಚ್ಚು. ಸ್ಕ್ಯಾನರ್ ಹಾಕಿದಾಗ ಏನೂ ತೋರಿಸಲಿಲ್ಲವೆಂದರೆ ಏನೂ ಇಲ್ಲವೆಂದಲ್ಲ. ತೊಂದರೆ ಇರುವ ಹೊತ್ತಿನಲ್ಲಿ ಹಾಕಿದ್ದರೆ ತೋರಿಸುತ್ತಿತ್ತೋ ಏನೋ.

ಓಡುವಾಗ ಆಫ್ ಆದರೆ ಕೀ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು. ಬೂಸ್ಟರ್ ಇರುವ ಬ್ರೇಕ್ ಎಂಜಿನ್ ನಿಂತ ಮೇಲೆ ಒಂದೆರಡು ಸಲ ಮಾತ್ರ ಹಗುರವಾಗಿ ಹಿಡಿಯುತ್ತದೆ, ಆಮೇಲೆ ಕಾಲಿಗೆ ಕಲ್ಲಿನಂತಾಗುತ್ತದೆ. ಹಾಗಾಗಿ ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಲ ಗಟ್ಟಿಯಾಗಿ ಒತ್ತಿ ಪಕ್ಕಕ್ಕೆ ತನ್ನಿ. ತೊಂದರೆ ಏನೆಂದು ಸಿಗುವವರೆಗೂ ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಿಗೆ ಆ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ.

ಇನ್ನೊಂದು ಮಾತು ಮೆಕ್ಯಾನಿಕ್‌ಗಳ ಪರವಾಗಿ. ಗೌಡರ ಗಾಡಿಗೆ ನನ್ನ ಒಂದು ದಿನ ಪೂರ್ತಿ ಹೋಯಿತು. ಅವರು ಅದಕ್ಕೆ ಕೂಲಿ ಕೊಟ್ಟರು. ಎಲ್ಲರೂ ಕೊಡುವುದಿಲ್ಲ. ಸಾವಿರಾರು ರೂಪಾಯಿಯ ಸಾಮಾನಿಗೆ ಮರುಮಾತಿಲ್ಲದೆ ಕೊಡುವವರೇ, ತುಂಡು ವೈರು ಹುಡುಕಿದ ದಿನದ ಕೂಲಿಗೆ ಚೌಕಾಶಿ ಮಾಡುತ್ತಾರೆ. ಹುಡುಕುವ ಕೆಲಸಕ್ಕೆ ಬೆಲೆ ಸಿಗದಿದ್ದರೆ ಹುಡುಗರು ಸಾಮಾನು ಬದಲಿಸುವುದನ್ನೇ ಕಲಿಯುತ್ತಾರೆ, ಅದೇ ಆಗುತ್ತಿದೆ. ಬರುವ ಮೊದಲು ಫೋನಿನಲ್ಲೇ ಕೂಲಿ ಇಷ್ಟು ಎಂದು ಮಾತಾಡಿಕೊಳ್ಳಿ. ಬರುವಾಗ ಒಂದು ಚೀಟಿಯಲ್ಲಿ ಬರೆದು ತನ್ನಿ: ಯಾವ ರಸ್ತೆ, ಏರೋ ಸಮವೋ, ಎಂಜಿನ್ ಎಷ್ಟು ಹೊತ್ತು ಓಡಿತ್ತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಮಳೆಯೋ ಬಿಸಿಲೋ, ಹೆಡ್‌ಲೈಟ್ ಹಾಕಿತ್ತೋ, ಫಟ್ಟನೆ ನಿಂತಿತೋ ಮುಗ್ಗರಿಸಿ ನಿಂತಿತೋ, ಎಷ್ಟು ಹೊತ್ತಿಗೆ ಮತ್ತೆ ಹಿಡಿಯಿತು. ಹಳೇ ಸಾಮಾನಿನ ಚೀಲವನ್ನೂ ಮರೆಯದೆ ತನ್ನಿ, ಅದರಲ್ಲಿ ಚೆನ್ನಾಗಿರುವುದನ್ನು ಆರಿಸಿ ನಿಮ್ಮ ಗಾಡಿಯಲ್ಲೇ ಸ್ಪೇರ್ ಆಗಿ ಇಟ್ಟುಕೊಡುತ್ತೇನೆ.