ಹಿಮನದಿಯಿಂದ ಕಣಿವೆಗೆ: ಬ್ರೇಕಿಗೂ ಬುದ್ಧಿಗೂ ಸವಾಲೊಡ್ಡುವ ಆಲ್ಪ್ಸ್ ಇಳಿಜಾರು

ಫ್ರಾನ್ಸಿನ ಆಲ್ಪ್ ಡುಯೆಜ್ ಗಿರಿಧಾಮದ ಹೆಸರು ಸೈಕಲ್ ಕ್ರೀಡೆಯ ಅಭಿಮಾನಿಗಳಿಗೆ ಹೊಸದಲ್ಲ. 1952ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆ ಮೊದಲ ಬಾರಿಗೆ ಇಲ್ಲಿಗೆ ಬಂದಾಗ ಇಟಲಿಯ ಫೌಸ್ಟೊ ಕೊಪ್ಪಿ ಜಯ ಗಳಿಸಿದರು. ಅಂದಿನಿಂದ 21 ತಿರುವುಗಳ ಆ ಏರುದಾರಿ ಸವಾರರ ಶಕ್ತಿಗೆ ಒರೆಗಲ್ಲಾಗಿದೆ. ಅದೇ ಪರ್ವತದಲ್ಲಿ ಇದಕ್ಕೆ ತದ್ವಿರುದ್ಧವಾದ ಮತ್ತೊಂದು ಪರೀಕ್ಷೆಯೂ ಉಂಟು. ಅಲ್ಲಿ ಸವಾರರು ಕೇಬಲ್ ಕಾರಿನಲ್ಲಿ ಶಿಖರಕ್ಕೇರಿ, ಮೌಂಟನ್ ಬೈಕಿನಲ್ಲಿ ಕೆಳಗಿಳಿಯುತ್ತಾರೆ.

1995ರಲ್ಲಿ ಆರಂಭವಾದ ಈ ಸ್ಪರ್ಧೆಯ ಹೆಸರು ಮೆಗಾವಲಾಂಚ್, ಅಂದರೆ ಮಹಾ ಹಿಮಪಾತ. ಸಮುದ್ರಮಟ್ಟದಿಂದ 3,330 ಮೀಟರ್ ಎತ್ತರದ ಪಿಕ್ ಬ್ಲಾಂಕ್ ಶಿಖರದಿಂದ ಹೊರಟು, ಸುಮಾರು 720 ಮೀಟರ್ ಎತ್ತರದಲ್ಲಿರುವ ಅಲ್ಮೊಂ ಗ್ರಾಮವನ್ನು ತಲುಪುವುದು ಇದರ ಗುರಿ. ನೂರಾರು ಮಂದಿ ಸಾಲುಸಾಲಾಗಿ ನಿಂತು ಒಮ್ಮೆಲೇ ಹೊರಡುತ್ತಾರೆ. ಎರಡು ತುದಿಗಳ ನಡುವಣ ಎತ್ತರದ ಅಂತರ 2,600 ಮೀಟರಿಗೂ ಅಧಿಕ.

ಒಂದೇ ದಾರಿ, ಹಲವು ನೆಲ

ಈ ದಾರಿಯ ಮೊದಲ ಕಷ್ಟ ಹಿಮ. ಹಿಮ ಗಟ್ಟಿಯಾಗಿದ್ದರೆ ಟೈರಿಗೆ ಹಿಡಿತ ಸಿಗದು. ಬಿಸಿಲಿಗೆ ಮೆತ್ತಗಾದರೆ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಮುಂದೆ ಹೋದವರ ಚಕ್ರಗಳು ಕೊರೆದ ಗಾಡಿಜಾಡು ಹಿಂದಿನವರನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಇಲ್ಲಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದವನು ಬೀಳುವುದು ಬಹುತೇಕ ಖಚಿತ. ಅನುಭವಿಗಳು ದೇಹದ ಭಾರವನ್ನು ಹಿಂದಕ್ಕೆ ಸರಿಸಿ, ಒಂದು ಕಾಲನ್ನು ನೆಲಕ್ಕೆ ಸೋಕಿಸುತ್ತ, ಬೈಕು ತುಸು ಜಾರುವುದನ್ನು ಸಹಿಸಿಕೊಂಡೇ ಇಳಿಯುತ್ತಾರೆ.

ಹಿಮ ಮುಗಿದೊಡನೆ ಬಂಡೆಗಳು ಎದುರಾಗುತ್ತವೆ. ಚೂಪು ಕಲ್ಲಿಗೆ ಸಿಕ್ಕಿ ಟೈರು ಹರಿಯುವುದು ಸಾಮಾನ್ಯ. ಆ ಬಳಿಕ ಹುಲ್ಲುಗಾವಲು, ಗಿರಿಧಾಮದ ಸಮೀಪ ಕೆಲವು ಸಣ್ಣ ಏರುಗಳು, ಕೊನೆಗೆ ಬೇರುಗಳಿಂದ ತುಂಬಿದ ಕಾಡಿನ ಇಕ್ಕಟ್ಟಾದ ತಿರುವುಗಳು. ಶಿಖರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ ಇರುವುದರಿಂದ ಅಲ್ಪ ಶ್ರಮಕ್ಕೂ ಏದುಸಿರು ಬರುತ್ತದೆ. ಕೆಳಗಿನ ಕಣಿವೆ ಶಿಖರಕ್ಕಿಂತ ಸುಮಾರು 17 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಮೇಲೆ ನಡುಗಿದವರು ಕೆಳಗೆ ಬೆವರುತ್ತಾರೆ.

ಎತ್ತರವೆಲ್ಲ ಬಿಸಿಯಾಗಿ

ಇಳಿಜಾರಿನಲ್ಲಿ ಪೆಡಲು ತುಳಿಯುವ ಅಗತ್ಯ ಕಡಿಮೆ, ಆದ್ದರಿಂದ ಆಯಾಸವೂ ಕಡಿಮೆ ಎಂಬ ಭಾವನೆ ವ್ಯಾಪಕವಾಗಿದೆ. ಸರಳ ಲೆಕ್ಕವೊಂದು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಸವಾರ ಮತ್ತು ಬೈಕಿನ ಒಟ್ಟು ತೂಕ 90 ಕಿಲೋ ಎಂದಿಟ್ಟುಕೊಂಡರೆ, 2,600 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 23 ಲಕ್ಷ ಜೂಲ್. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಆರೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಇದರಲ್ಲಿ ಒಂದು ಭಾಗ ಗಾಳಿಯ ತಡೆ, ಟೈರಿನ ಉಜ್ಜುವಿಕೆ ಮತ್ತು ಸಸ್ಪೆನ್ಷನ್‌ನಲ್ಲಿ ಕಳೆದುಹೋಗುತ್ತದೆ. ಉಳಿದುದನ್ನು ಎರಡು ತೆಳು ಉಕ್ಕಿನ ತಟ್ಟೆಗಳು ಬಿಸಿಯಾಗಿ ಹೀರಿಕೊಳ್ಳಬೇಕು. ಇವೇ ಡಿಸ್ಕ್ ಬ್ರೇಕಿನ ರೋಟರ್‌ಗಳು. ಇಂಥ ದಾರಿಗೆ ಬಳಸುವ ಬೈಕುಗಳಲ್ಲಿ ಇವುಗಳ ವ್ಯಾಸ ಸಾಮಾನ್ಯವಾಗಿ 200 ಮಿಲಿಮೀಟರ್ ಆಸುಪಾಸು.

ಅನನುಭವಿ ಸವಾರನ ಅಪಾಯ ಇಲ್ಲಿಯೇ ಅಡಗಿದೆ. ಭಯದಿಂದ ಆತ ಎರಡೂ ಬ್ರೇಕುಗಳನ್ನು ಉದ್ದಕ್ಕೂ ಮೆಲ್ಲಗೆ ಹಿಡಿದೇ ಇಳಿಯುತ್ತಾನೆ. ಸುರಕ್ಷಿತವೆಂದು ತೋರುವ ಈ ಕ್ರಮದಲ್ಲಿ ರೋಟರ್‌ಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಕಾವು ಹೆಚ್ಚಿದಂತೆ ಪ್ಯಾಡುಗಳ ಹಿಡಿತ ತಗ್ಗುತ್ತದೆ. ಕೊಳವೆಯೊಳಗಿನ ಬ್ರೇಕ್ ದ್ರವ ಕುದಿದರೆ ಅದರಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಪರಿಣಾಮವಾಗಿ ಬ್ರೇಕಿನ ಹಿಡಿ ಪ್ರತಿರೋಧವಿಲ್ಲದೆ ಹ್ಯಾಂಡಲಿನವರೆಗೆ ಬಂದುಬಿಡುತ್ತದೆ, ಚಕ್ರ ಮಾತ್ರ ನಿಲ್ಲುವುದಿಲ್ಲ. ಹಳೆಯದಾಗಿ ತೇವಾಂಶ ಹೀರಿಕೊಂಡ ದ್ರವ ಇನ್ನೂ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಹೊರಡುವ ಮುನ್ನ ದ್ರವ ಬದಲಿಸುವುದು ಇದೇ ಕಾರಣಕ್ಕೆ.

ಬಿಗಿಯಾಗಿ ಹಿಡಿ, ಪೂರ್ತಿ ಬಿಡು

ಪಳಗಿದ ಸವಾರರು ನೇರ ದಾರಿಯಲ್ಲಿ, ತಿರುವಿಗೆ ಮುನ್ನ, ಒಂದೊಂದೇ ಬೆರಳಿನಿಂದ ಬ್ರೇಕನ್ನು ಗಟ್ಟಿಯಾಗಿ ಅಲ್ಪಕಾಲ ಹಿಡಿಯುತ್ತಾರೆ. ಬೇಕಾದಷ್ಟು ವೇಗ ಇಳಿದ ಮೇಲೆ ಪೂರ್ತಿ ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟ ಕ್ಷಣಗಳಲ್ಲಿ ಗಾಳಿ ರೋಟರ್ ಅನ್ನು ತಣಿಸುತ್ತದೆ. ಮುಂಗೈಯ ಸ್ನಾಯುಗಳಿಗೂ ಅದೇ ವಿಶ್ರಾಂತಿ. ದೀರ್ಘ ಇಳಿತದಲ್ಲಿ ಮುಂಗೈಗಳು ಕಲ್ಲಿನಂತೆ ಬಿಗಿದು ಬೆರಳುಗಳು ಮಾತು ಕೇಳದಂತಾಗುವುದು ಪ್ರತಿ ಸವಾರನಿಗೂ ತಿಳಿದ ಸಂಕಟ. ಬ್ರೇಕು ಸರಿಯಾಗಿದ್ದರೂ ಹಿಡಿಯುವ ಕೈ ಸೋತರೆ ಫಲ ಒಂದೇ.

ಉಳಿದ ನಿಯಮಗಳು ಇದಕ್ಕೆ ಪೂರಕ. ಸೀಟನ್ನು ತಗ್ಗಿಸಿ ಪೆಡಲುಗಳ ಮೇಲೆ ನಿಲ್ಲಬೇಕು. ಮೊಣಕೈ, ಮಂಡಿಗಳು ತುಸು ಬಾಗಿರಬೇಕು. ದೃಷ್ಟಿ ಮುಂದಿನ ಚಕ್ರದ ಬುಡದಲ್ಲಿರದೆ ಹತ್ತಾರು ಮಾರು ಮುಂದಿರಬೇಕು. ಮುಖ ಮುಚ್ಚುವ ಹೆಲ್ಮೆಟ್, ಬೆನ್ನಿನ ಕವಚ, ಮಂಡಿಯ ಪಟ್ಟಿಗಳಿಲ್ಲದೆ ಇಂಥ ದಾರಿಗೆ ಇಳಿಯುವುದು ದುಸ್ಸಾಹಸವೇ ಸರಿ. ದಿನದ ಕೊನೆಯ ಭಾಗದಲ್ಲಿ, ಕಾಡಿನೊಳಗೆ, ದಣಿದ ದೇಹಕ್ಕೆ ಅತಿ ಬಿಗಿಯಾದ ತಿರುವುಗಳು ಎದುರಾಗುತ್ತವೆ ಎಂಬುದನ್ನು ಶಿಖರದಲ್ಲಿಯೇ ನೆನಪಿಡಬೇಕು.

ಕರಗುತ್ತಿರುವ ಆರಂಭ

ಸ್ಪರ್ಧೆಯ ಆರಂಭಕ್ಕೆ ಖ್ಯಾತಿ ತಂದ ಸರೆನ್ ಹಿಮನದಿ ಇಂದು ಸಂಕಟದಲ್ಲಿದೆ. ಇದರ ಹಿಮದ ಏರಿಳಿತವನ್ನು ವಿಜ್ಞಾನಿಗಳು 1949ರಿಂದಲೂ ಅಳೆಯುತ್ತ ಬಂದಿದ್ದಾರೆ. ತಾಪಮಾನ ಏರಿಕೆಯಿಂದ ಅದರ ಬಹುಪಾಲು ಕರಗಿಹೋಗಿದೆ. ಬಿಸಿ ಹೆಚ್ಚಾದ ಬೇಸಿಗೆಗಳಲ್ಲಿ ಹಿಮವಿದ್ದೆಡೆ ಬರಿಯ ಕಲ್ಲು ಉಳಿಯುತ್ತದೆ. ಹಿಮದ ಮೇಲೆ ಬಿದ್ದವರು ಜಾರುತ್ತಿದ್ದರು, ಕಲ್ಲಿನ ಮೇಲೆ ಬಿದ್ದವರು ಗಾಯಗೊಳ್ಳುತ್ತಾರೆ.

ಪರ್ವತ ಬದಲಾಗುತ್ತಿದ್ದರೂ ಎತ್ತರದ ಲೆಕ್ಕ ಬದಲಾಗದು. ಮೇಲಿನಿಂದ ತಂದ 23 ಲಕ್ಷ ಜೂಲ್‌ಗಳನ್ನು ಎಲ್ಲಿ, ಯಾವಾಗ, ಎಷ್ಟು ಖರ್ಚು ಮಾಡಬೇಕೆಂದು ತಿಳಿದ ಸವಾರನೇ ಕಣಿವೆಯನ್ನು ಕ್ಷೇಮವಾಗಿ ಸೇರುತ್ತಾನೆ.