ಮೊದಲು ಲೆಕ್ಕ, ಆಮೇಲೆ ಅನುದಾನ

ಕೊಪ್ಪಳ ಜಿಲ್ಲೆಯ ಕಾರಟಗಿ, ಸಿದ್ದಾಪುರ, ಯರಡೋಣ, ಬೂದಗುಂಪಾ ಸುತ್ತಿನ ಊರುಗಳಲ್ಲಿ ಯುವಕ ಸಂಘ, ಮಹಿಳಾ ಸಂಘ, ಸಣ್ಣ ಟ್ರಸ್ಟುಗಳಿಗೆ ಕೊರತೆಯಿಲ್ಲ. ಕಣ್ಣಿನ ತಪಾಸಣೆ, ರಕ್ತದಾನ, ಬೇಸಿಗೆಯಲ್ಲಿ ಅರವಟ್ಟಿಗೆ ಇವೆಲ್ಲ ಊರವರ ವಂತಿಗೆಯಲ್ಲೇ ನಡೆಯುತ್ತವೆ. ಆದರೆ ಶಿಬಿರ ಒಂದು ದಿನಕ್ಕೆ ಮುಗಿಯುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಕ್ಷಯ, ಬಾಣಂತಿಯರ ರಕ್ತಹೀನತೆ ತಿಂಗಳುಗಟ್ಟಲೆ ಬೆನ್ನು ಹತ್ತಬೇಕಾದ ಕೆಲಸ. ಅದನ್ನು ಕೈಗೆತ್ತಿಕೊಂಡ ಕೂಡಲೇ ಸಂಘದವರಿಗೆ ಅನುದಾನದ ವಿಚಾರ ಬರುತ್ತದೆ, ಯಾರನ್ನು ಕೇಳಬೇಕೆಂದು ತಿಳಿಯದೆ ಶಾಸಕರ ಮನೆಗೆ ಒಂದು ಮನವಿ ಕೊಟ್ಟು ಸುಮ್ಮನಾಗುತ್ತಾರೆ. ಹಣ ಇರುವ ಜಾಗಗಳು ಹಲವು. ಪ್ರತಿಯೊಂದು ಜಾಗ ಕೇಳುವ ಕಾಗದ ಬೇರೆ, ಕೊಡುವ ಉದ್ದೇಶ ಬೇರೆ. ನನ್ನ ಮಟ್ಟಿಗೆ ಸರಿಯಾದ ದಾರಿ ಎಂದರೆ ಹತ್ತಿರದ ಸಣ್ಣ ಹಣದಿಂದ ಹೊರಟು, ಅದರ ಲೆಕ್ಕ ತೋರಿಸಿ ದೂರದ ದೊಡ್ಡ ಹಣದ ಕಡೆ ಹೋಗುವುದು.

ಸಂಘ ಎಂದರೆ ಕಾನೂನಿನ ಕಣ್ಣಿಗೆ ಏನು ಎಂಬುದು ಮೊದಲ ಪ್ರಶ್ನೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಡೀಡ್ ಮಾಡಿಸುವುದು ಇನ್ನೊಂದು ದಾರಿ. ಕಂಪನಿ ಕಾಯ್ದೆಯ 8ನೇ ಕಲಮಿನ ಲಾಭರಹಿತ ಕಂಪನಿ ಮೂರನೆಯದು, ಅದರ ಖರ್ಚು ಮತ್ತು ಕಾಗದಪತ್ರ ಸಣ್ಣ ಊರಿನ ಗುಂಪಿಗೆ ಭಾರ. ನೋಂದಣಿಯಾದ ಸಂಘ ಪ್ರತಿವರ್ಷ ಸಾಮಾನ್ಯ ಸಭೆ ನಡೆಸಿ, ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಮ್ಮ ಕಡೆಯ ಬಹಳಷ್ಟು ಸಂಘಗಳು ಎಡವುವುದು ಇಲ್ಲೇ. ನೋಂದಣಿ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ, ನಾಲ್ಕೈದು ವರ್ಷದ ಲೆಕ್ಕ ಸಲ್ಲಿಕೆಯಾಗಿರುವುದಿಲ್ಲ. ಬೇರೆ ಯಾವ ಅರ್ಜಿಗೂ ಮೊದಲು ಆ ಬಾಕಿ ತೀರಿಸಬೇಕು.

ಆಮೇಲೆ ಸಂಘದ ಹೆಸರಲ್ಲಿ ಪ್ಯಾನ್, ಇಬ್ಬರ ಸಹಿಯ ಬ್ಯಾಂಕ್ ಖಾತೆ, ನೀತಿ ಆಯೋಗದ ಎನ್‌ಜಿಒ ದರ್ಪಣ್ ತಾಣದಲ್ಲಿ ನೋಂದಣಿ. ದರ್ಪಣ್ ನೋಂದಣಿಗೆ ಶುಲ್ಕವಿಲ್ಲ, ಕೇಂದ್ರ ಸರ್ಕಾರದ ಅನುದಾನ ಕೇಳುವವರಿಗೆ ಆ ಸಂಖ್ಯೆ ಬೇಕೇ ಬೇಕು. ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿಯೂ ಆಗಬೇಕು. 12ಎ ಇದ್ದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ, 80ಜಿ ಇದ್ದರೆ ದಾನಿಗೆ ತೆರಿಗೆಯಲ್ಲಿ ರಿಯಾಯಿತಿ. ಹೊಸ ಸಂಘಕ್ಕೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ, ಕೆಲಸ ತೋರಿಸಿದ ಮೇಲೆ ನಿಯಮಿತ ನೋಂದಣಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ ಗೊತ್ತುಪಡಿಸಿದ ಜಾರಿ ದಿನ 2026ರ ಏಪ್ರಿಲ್ 1. ಅದರಲ್ಲಿ ಈ ಕಲಮುಗಳ ಸಂಖ್ಯೆ ಬದಲಾಗಿದೆ, ಜನರ ಬಾಯಲ್ಲಿ ಮಾತ್ರ ಇನ್ನೂ 12ಎ, 80ಜಿ ಎಂದೇ ಇದೆ. ಇದಕ್ಕೆಲ್ಲ ಒಬ್ಬ ಸಿ.ಎ. ಬೇಕು. ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಒಬ್ಬರನ್ನು ಗೊತ್ತುಮಾಡಿಕೊಂಡು ಪ್ರತಿವರ್ಷ ಅವರ ಬಳಿಯೇ ಆಡಿಟ್ ಮಾಡಿಸುವುದು ಒಳ್ಳೆಯದು.

ಈ ಕಾಗದಗಳು ಆಗುವುದರೊಳಗೆ ಸಂಘ ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದೊಂದಿದೆ. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ ಅದರಲ್ಲಿರುತ್ತಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ವರ್ಷಕ್ಕೆ ₹10,000ವರೆಗೆ ಮುಕ್ತ ನಿಧಿ ಬರಲು ಅವಕಾಶವಿದೆ. ಯಾವುದಕ್ಕೆ ಖರ್ಚು ಮಾಡಬೇಕೆಂದು ಸಮಿತಿಯೇ ಸಭೆಯಲ್ಲಿ ತೀರ್ಮಾನಿಸಬಹುದು. ಮೊತ್ತ ಸಣ್ಣದು, ಆದರೆ ಒಂದು ಬಿ.ಪಿ. ಯಂತ್ರ, ತೂಕದ ಯಂತ್ರ, ಬಡ ಗರ್ಭಿಣಿಯನ್ನು ತುರ್ತಾಗಿ ಸಾಗಿಸುವ ಖರ್ಚು ಇದರಲ್ಲಿ ನಿಭಾಯಿಸಬಹುದು. ಸಂಘದವರು ಆಶಾ ಕಾರ್ಯಕರ್ತೆಯ ಜೊತೆ ಕೂತು ಸಭೆ ಕರೆಸಿದರೆ, ಠರಾವು ಬರೆಯಲು ನೆರವಾದರೆ, ಊರಿನ ಆರೋಗ್ಯದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯೂ ಇಂಥದ್ದೇ ಒಂದು ಜಾಗ.

ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟರಿಗೆ ಶೇ 25, ಅಂಗವಿಕಲರಿಗೆ ಶೇ 5 ಮೀಸಲಿಡಬೇಕೆಂಬ ನಿಯಮವಿದೆ. ಕಾರಟಗಿಯಂಥ ಪುರಸಭೆಗಳಲ್ಲಿ ಇದು ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಇದು ಸಂಘದ ಖಾತೆಗೆ ಬರುವ ಹಣವಲ್ಲ, ಫಲಾನುಭವಿಗೆ ಹೋಗುವ ಹಣ. ಗಾಲಿಕುರ್ಚಿ, ಶ್ರವಣಸಾಧನ, ಚಿಕಿತ್ಸೆಯ ನೆರವು ಬೇಕಾದವರ ಪಟ್ಟಿಯನ್ನು ದಾಖಲೆ ಸಮೇತ ಸಿದ್ಧಪಡಿಸಿ, ಕ್ರಿಯಾಯೋಜನೆ ಆಗುವ ಮೊದಲೇ ಕೊಟ್ಟರೆ ಅದಕ್ಕೊಂದು ದಾರಿ ಆಗುತ್ತದೆ. ಮಾರ್ಚ್ ಕೊನೆಯಲ್ಲಿ ಹೋದರೆ ಹಣ ಆಗಲೇ ಬೇರೆ ಕಡೆ ಹಂಚಿಕೆಯಾಗಿರುತ್ತದೆ.

ಇನ್ನು ಅಕ್ಕಿ ಗಿರಣಿಗಳ ವಿಷಯ. ತುಂಗಭದ್ರಾ ಎಡದಂಡೆ ನಾಲೆಯ ಭತ್ತ ಕಾರಟಗಿಗೆ ಗಿರಣಿಗಳನ್ನು ತಂದಿತು, ಗಿರಣಿಗಳು ಹಮಾಲರನ್ನು, ಹೊರ ಊರಿನ ಕೂಲಿಗಳನ್ನು ತಂದವು. ಧೂಳಿನಲ್ಲಿ ದುಡಿಯುವ, ಇಕ್ಕಟ್ಟಿನ ಶೆಡ್ಡುಗಳಲ್ಲಿ ಮಲಗುವ ಈ ಜನರ ಎದೆಯ ಕಾಯಿಲೆ ಊರಿನ ಸಂಘಗಳು ಮೊದಲು ನೋಡಬೇಕಾದ ಕೆಲಸ ಎಂದು ನನಗನ್ನಿಸುತ್ತದೆ. ಗಿರಣಿ ಮಾಲೀಕರಲ್ಲಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಲು ಹೋಗುವವರಿದ್ದಾರೆ. ಸಿಎಸ್‌ಆರ್ ಕಾನೂನು ಕಂಪನಿಗಳಿಗೆ ಮಾತ್ರ ಅನ್ವಯ. ಕುಟುಂಬದ ಹೆಸರಲ್ಲೋ ಪಾಲುದಾರಿಕೆಯಲ್ಲೋ ನಡೆಯುವ ಗಿರಣಿಗೆ ಆ ಕಟ್ಟಳೆ ಇಲ್ಲ. ಅವರಿಗೆ ಹೊಂದುವುದು 80ಜಿ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ, ಅವಿಭಕ್ತ ಕುಟುಂಬಗಳಿಗೆ 80ಜಿ ರಿಯಾಯಿತಿ ಇಲ್ಲ, ಪಾಲುದಾರಿಕೆ ಸಂಸ್ಥೆಗೆ ಇದೆ. ಕೊಟ್ಟ ದೇಣಿಗೆಯ ಅರ್ಧದಷ್ಟನ್ನು, ಕಾನೂನಿನ ಮಿತಿಯೊಳಗೆ, ಆದಾಯದಲ್ಲಿ ಕಳೆಯಬಹುದು. ₹2,000ಕ್ಕಿಂತ ಹೆಚ್ಚಿನ ನಗದಿಗೆ ಅದು ಸಿಗದು, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಪಡೆಯಬೇಕು. ವರ್ಷ ಮುಗಿದ ಮೇಲೆ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡುವುದು ಸಂಘದ ಹೊಣೆ. ಇದನ್ನು ಸರಿಯಾಗಿ ಮಾಡಿದ ಸಂಘಕ್ಕೆ ಮುಂದಿನ ವರ್ಷ ಅದೇ ದಾನಿ ಮತ್ತೆ ಕೊಡುತ್ತಾನೆ.

ಗಿರಣಿ ಮಾಲೀಕರು ಇನ್ನೊಂದು ಕೆಲಸ ಮಾಡಬಹುದು. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾವ ವ್ಯಕ್ತಿ, ಸಂಸ್ಥೆ, ಸಂಘವಾದರೂ ಕ್ಷಯರೋಗಿಗಳಿಗೆ ಚಿಕಿತ್ಸೆಯ ತಿಂಗಳುಗಳಲ್ಲಿ ಆಹಾರದ ಕಿಟ್ ಕೊಡಲು ಹೆಸರು ನೋಂದಾಯಿಸಬಹುದು. ರೋಗಿಯ ಒಪ್ಪಿಗೆ ಇರಬೇಕು. ಸರ್ಕಾರ 2024ರ ನವೆಂಬರ್‌ನಿಂದ ರೋಗಿಗೆ ಪೋಷಣೆಗಾಗಿ ತಿಂಗಳಿಗೆ ₹1,000 ಕೊಡುತ್ತಿದೆ, ಮೊದಲು ₹500 ಇತ್ತು. ಊಟ ಕೊಟ್ಟರೆ ಕ್ಷಯ ತಗ್ಗುತ್ತದೆಯೇ ಎಂದು ಕೇಳುವವರಿಗೆ ಉತ್ತರವಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ತಂಡ ಜಾರ್ಖಂಡದಲ್ಲಿ ನಡೆಸಿ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಹೆಚ್ಚುವರಿ ರೇಷನ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿಯಿತು. ಭತ್ತದ ಊರಿನಲ್ಲಿ ಅಕ್ಕಿ ಕೊಡುವವರನ್ನು ಹುಡುಕುವುದು ಕಷ್ಟವಲ್ಲ. ಬೇಳೆ, ಎಣ್ಣೆ, ಶೇಂಗಾ, ಮೊಟ್ಟೆಗೆ ಬೇರೆ ದಾನಿಗಳನ್ನು ಕೂಡಿಸಬೇಕು, ತಾಲೂಕು ಆರೋಗ್ಯಾಧಿಕಾರಿಯ ಮೂಲಕ ರೋಗಿಗಳನ್ನು ಜೋಡಿಸಿಕೊಳ್ಳಬೇಕು. ಒಂದು ವರ್ಷ ಹೀಗೆ ನಡೆಸಿ, ಎಷ್ಟು ಜನರಿಗೆ ಕೊಟ್ಟೆವು, ಅವರ ತೂಕ ಎಷ್ಟು ಏರಿತು, ಎಷ್ಟು ಜನ ಔಷಧ ಪೂರ್ತಿ ಮುಗಿಸಿದರು ಎಂದು ಬರೆದಿಟ್ಟರೆ, ದೊಡ್ಡ ದಾನಿಗಳ ಮುಂದೆ ಇಡಲು ಸಂಘಕ್ಕೆ ತನ್ನದೇ ದಾಖಲೆ ಇರುತ್ತದೆ.

ಕಂಪನಿಗಳ ಸಿಎಸ್‌ಆರ್ ಹಣ ಆಮೇಲಿನ ಮಾತು. ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ ನಿವ್ವಳ ಮೌಲ್ಯ ₹500 ಕೋಟಿ, ವಹಿವಾಟು ₹1,000 ಕೋಟಿ ಅಥವಾ ನಿವ್ವಳ ಲಾಭ ₹5 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಆರೋಗ್ಯ, ಪೌಷ್ಟಿಕತೆ, ಕುಡಿಯುವ ನೀರು ಇವೆ. ಹೊರಗಿನ ಸಂಘದ ಮೂಲಕ ಖರ್ಚು ಮಾಡಿಸುವಾಗ ಆ ಸಂಘಕ್ಕೆ 12ಎ, 80ಜಿ, ಅಂಥದೇ ಕೆಲಸದ ಮೂರು ವರ್ಷದ ಅನುಭವ, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯ ನೋಂದಣಿ ಇರಬೇಕು. ಕೊಪ್ಪಳ ಜಿಲ್ಲೆಯಲ್ಲಿ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್, ಗಿಣಿಗೇರಿಯ ಕಲ್ಯಾಣಿ ಸ್ಟೀಲ್ಸ್, ನೆರೆಯ ಬಳ್ಳಾರಿಯ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಇವೆ. ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಎಷ್ಟು ಖರ್ಚು ಮಾಡಿದೆ ಎಂಬುದನ್ನು ಕೇಂದ್ರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾರಾದರೂ ನೋಡಬಹುದು. ಅರ್ಜಿ ಬರೆಯುವ ಮೊದಲು ಅದನ್ನು ನೋಡಲೇಬೇಕು.

ಕಂಪನಿ ತಾನಿರುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕಾರ್ಖಾನೆಯ ಹೊಗೆ, ಧೂಳು ಉಣ್ಣುವ ಊರುಗಳಿಗೆ ಆ ಹಣದ ಮೇಲೆ ಮೊದಲ ಹಕ್ಕು ಇರುವುದು ನ್ಯಾಯವೇ. ಹಾಗಾಗಿ ಕಾರಟಗಿಯ ಸಂಘ ಗಿಣಿಗೇರಿ ಭಾಗದ ಸಂಘವೊಂದರ ಜೊತೆ ಸೇರಿ ಜಿಲ್ಲೆಯ ಯೋಜನೆಯಾಗಿ ಕೇಳಿದರೆ ಒಪ್ಪಿಗೆಯ ಸಾಧ್ಯತೆ ಹೆಚ್ಚು. ಕಾಲವೂ ಮುಖ್ಯ. ಕಂಪನಿಯ ವರ್ಷ ಏಪ್ರಿಲ್‌ಗೆ ಶುರು, ಯೋಜನೆಗಳು ಮೊದಲ ತಿಂಗಳುಗಳಲ್ಲೇ ಗಟ್ಟಿಯಾಗುತ್ತವೆ. ಹಿಂದಿನ ಜನವರಿಯಲ್ಲಿಯೇ ಪ್ರಸ್ತಾವನೆ ಅವರ ಕೈಯಲ್ಲಿರಬೇಕು.

ದೊಡ್ಡ ದತ್ತಿಗಳು ಕೆಲವೊಮ್ಮೆ ಸಂಘಗಳಿಗಲ್ಲದೆ ಸರ್ಕಾರದ ವ್ಯವಸ್ಥೆಗೇ ಹಣ ಕೊಡುತ್ತವೆ. ಶಾಲಾ ಮಕ್ಕಳ ಮೊಟ್ಟೆ ಇದಕ್ಕೆ ಕಣ್ಣೆದುರಿನ ಉದಾಹರಣೆ. ಅಪೌಷ್ಟಿಕತೆಯ ಕಾರಣಕ್ಕೆ 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಕೊಡುವುದು ಶುರುವಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ₹1,500 ಕೋಟಿಗೂ ಹೆಚ್ಚು ಕೊಡಲು ಒಪ್ಪಿದ್ದರಿಂದ ರಾಜ್ಯವಿಡೀ ವಾರಕ್ಕೆ ಎರಡು ದಿನವಿದ್ದದ್ದು ಆರು ದಿನವಾಯಿತು. ಇಲ್ಲಿ ಸ್ಥಳೀಯ ಸಂಘಕ್ಕೆ ಉಳಿಯುವುದು ಉಸ್ತುವಾರಿಯ ಕೆಲಸ: ಮೊಟ್ಟೆ ಬಂತೇ, ಮಕ್ಕಳಿಗೆ ಸಿಕ್ಕಿತೇ ಎಂದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಜೊತೆ ನೋಡುವುದು. ಅದೇ ಫೌಂಡೇಶನ್ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಹೆಚ್ಚಾಗಿ ಇಲಾಖೆ, ಏಜೆನ್ಸಿಗಳ ಮೂಲಕವೇ ಹರಿಯುತ್ತದೆ. ಆಸ್ಪತ್ರೆ ಕಟ್ಟಡ, ಆಂಬುಲೆನ್ಸ್ ಬೇಕೆಂದರೆ ಸಂಘ ಕೇಳಬೇಕಾದದ್ದು ತನಗಲ್ಲ, ಊರಿನ ಆರೋಗ್ಯ ಕೇಂದ್ರಕ್ಕೆ.

ವಿದೇಶದ ಹಣದಲ್ಲಿ ಬಹಳ ಎಚ್ಚರ ಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ಮೂಲದ ಒಂದು ರೂಪಾಯಿಯನ್ನೂ ಸಂಘ ಪಡೆಯುವಂತಿಲ್ಲ. ಆ ನೋಂದಣಿಗೆ ಮೂರು ವರ್ಷದ ಅಸ್ತಿತ್ವ ಇರಬೇಕು, ಆ ಅವಧಿಯಲ್ಲಿ ಕನಿಷ್ಠ ₹15 ಲಕ್ಷ ಖರ್ಚು ಮಾಡಿರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ದೊಡ್ಡ ಸಂಸ್ಥೆ ಸಣ್ಣ ಸಂಘಕ್ಕೆ ಅದನ್ನು ಹಂಚುವಂತೆಯೂ ಇಲ್ಲ. ಅಮೆರಿಕದಲ್ಲಿರುವ ಊರ ಮಗ ಇನ್ನೂ ಭಾರತೀಯ ಪ್ರಜೆಯಾಗಿದ್ದು ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಆಗುತ್ತದೆ. ಹಣ ಪಡೆಯುವ ಮೊದಲು ಪಾಸ್‌ಪೋರ್ಟ್ ಪ್ರತಿ ಕೇಳಿ ಇಟ್ಟುಕೊಳ್ಳಿ.

ವ್ಯಸನಮುಕ್ತಿ ಕೇಂದ್ರ, ವೃದ್ಧಾಶ್ರಮ, ಅಂಗವಿಕಲರ ಪುನರ್ವಸತಿ ನಡೆಸುವವರಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಇ-ಅನುದಾನ್ ತಾಣವಿದೆ. ಅದು ಈಗಾಗಲೇ ಕೇಂದ್ರ ನಡೆಸುತ್ತಿರುವವರಿಗೆ ಹೊಂದುತ್ತದೆ, ಹೊಸಬರಿಗಲ್ಲ.

ಪ್ರಸ್ತಾವನೆ ಬರೆಯುವಾಗ ನಮ್ಮವರು ಮೊದಲ ಎರಡು ಪುಟ ಸಂಘದ ಹೊಗಳಿಕೆಗೆ ಕೊಡುತ್ತಾರೆ. ದಾನಿ ನೋಡುವುದು ಬೇರೆ: ಯಾವ ಊರು, ಎಷ್ಟು ಜನ, ಏನು ತೊಂದರೆ, ಒಂದು ವರ್ಷದಲ್ಲಿ ಏನು ಬದಲಾಗುತ್ತದೆ, ಅದನ್ನು ಹೇಗೆ ಅಳೆಯುತ್ತೀರಿ. ಕುಷ್ಟಗಿ, ಯಲಬುರ್ಗಾ ಕಡೆಯ ಸಂಘವಾದರೆ ಕೊಳವೆಬಾವಿ ನೀರಿನ ಫ್ಲೋರೈಡ್ ಪರೀಕ್ಷೆಯ ವರದಿಯೇ ಪ್ರಸ್ತಾವನೆಯ ಮೊದಲ ಪುಟವಾಗಬೇಕು. ಕಾರಟಗಿಯದಾದರೆ ಗಿರಣಿ ಕೂಲಿಗಳಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿರುವವರ ಎಣಿಕೆ. ಸಮೀಕ್ಷೆಗೆ ಕೊಪ್ಪಳದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದ ನೆರವು ಕೇಳಿ. ಬಜೆಟ್ಟಿನಲ್ಲಿ ಕಾರ್ಯಕರ್ತೆಯರ ಗೌರವಧನವನ್ನು ಸಂಕೋಚವಿಲ್ಲದೆ ಬರೆಯಿರಿ. ಯಂತ್ರಕ್ಕೆ ಹಣ ಕೇಳಿ, ಅದನ್ನು ಹಿಡಿದು ಮನೆಮನೆಗೆ ಹೋಗುವ ಹೆಣ್ಣುಮಗಳಿಗೆ ಏನೂ ಇಡದ ಯೋಜನೆ ನಿಲ್ಲುವುದಿಲ್ಲ.

ಯೋಜನೆ ಮುಗಿದ ಮೇಲೆ ಏನು ಎಂಬುದನ್ನೂ ಬರೆಯಬೇಕು. 2009ರ ನಂತರ ಗೇಟ್ಸ್ ಫೌಂಡೇಶನ್ ನೆರವಿನಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಮ್ಯಾನಿಟೋಬಾ ವಿಶ್ವವಿದ್ಯಾಲಯ ಕೊಪ್ಪಳ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ತಾಯಿ-ಮಗುವಿನ ಆರೋಗ್ಯಕ್ಕಾಗಿ ಸುಕ್ಷೇಮ ಯೋಜನೆ ನಡೆಸಿದವು. ಗರ್ಭಿಣಿ, ಬಾಣಂತಿಯರನ್ನು ಪಟ್ಟಿಮಾಡಿ ಬೆನ್ನುಹತ್ತುವ ಪದ್ಧತಿಯನ್ನು ಅವರು ಆಶಾ ಕಾರ್ಯಕರ್ತೆಯರಿಗಾಗಿಯೇ ರೂಪಿಸಿದರು. ಯೋಜನೆ ಹೋದರೂ ಆಶಾ ಊರಲ್ಲೇ ಇರುತ್ತಾಳೆ. ಸಣ್ಣ ಸಂಘವೂ ಹೀಗೆಯೇ ಊರಲ್ಲಿ ಉಳಿಯುವವರ ಕೈಗೆ ಕೆಲಸ ಕಲಿಸಬೇಕು.

ಅನುದಾನ ಕೊಡಿಸುತ್ತೇವೆ, ಮುಂಗಡ ಕೊಡಿ ಎನ್ನುವ ಮಧ್ಯವರ್ತಿಗಳನ್ನು ಹತ್ತಿರ ಸೇರಿಸಬೇಡಿ. 2025ರ ಆರಂಭದಲ್ಲಿ ಬಯಲಾದ, ಕೇರಳದಲ್ಲಿ ಸಿಎಸ್‌ಆರ್ ಹಣದ ಹೆಸರು ಹೇಳಿ ಅರ್ಧ ಬೆಲೆಗೆ ಸ್ಕೂಟರ್ ಕೊಡುತ್ತೇವೆಂದು ನಡೆದ ದೊಡ್ಡ ವಂಚನೆಯಲ್ಲಿ ಸ್ಥಳೀಯ ಸಂಘಸಂಸ್ಥೆಗಳ ಮೂಲಕವೇ ಜನರಿಂದ ಹಣ ಕೂಡಿಸಲಾಗಿತ್ತು. ನಂಬಿಕೆಯ ಬೆಲೆ ಎಷ್ಟೆಂದು ನಮ್ಮ ಜಿಲ್ಲೆಗೆ ಗೊತ್ತು. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಮುಂದೆ ನಿಂತಾಗ ಹಿರೇಹಳ್ಳದ 26 ಕಿಲೋಮೀಟರ್ ಹೂಳು, ಜಾಲಿ ತೆಗೆಯಲು ಜನ ದೇಣಿಗೆಯನ್ನೂ ಶ್ರಮವನ್ನೂ ಧಾರಾಳವಾಗಿ ಕೊಟ್ಟರು.

ಹಣ ಬಂದ ಮೇಲೆ ಪ್ರತಿ ಅನುದಾನಕ್ಕೂ ಬೇರೆ ಲೆಡ್ಜರ್ ತೆರೆಯಿರಿ. ಔಷಧಕ್ಕೆ ಬಂದ ಹಣದಲ್ಲಿ ಕಚೇರಿ ಬಾಡಿಗೆ ಕಟ್ಟಬೇಡಿ, ಕೈಬದಲು ಎಂದು ತಾತ್ಕಾಲಿಕವಾಗಿಯೂ ಬೇಡ. ಬಿಲ್ಲಿನ ಮೇಲೆ ಸಂಘದ ಹೆಸರಿರಲಿ, ವೋಚರ್ ಮೇಲೆ ಹಣ ಪಡೆದವರ ಸಹಿ ಇರಲಿ. ಹಣ ಬಳಕೆ ಪ್ರಮಾಣಪತ್ರಕ್ಕೆ ಸಿ.ಎ. ಸಹಿ ಹಾಕಿಸಿ ಗಡುವಿನೊಳಗೆ ಕಳಿಸದಿದ್ದರೆ ಎರಡನೇ ಕಂತು ನಿಲ್ಲುತ್ತದೆ. ಮಾರ್ಚ್ ಹತ್ತಿರ ಬಂದಾಗ ಹಣ ಉಳಿದಿದ್ದರೆ ಗಾಬರಿಯಿಂದ ಬ್ಯಾನರ್, ಟೀಶರ್ಟ್ ಮಾಡಿಸಿ ಖರ್ಚು ಹಾಕಬಾರದು. ಎಷ್ಟು ಉಳಿದಿದೆ, ಏಕೆ ಉಳಿದಿದೆ, ಯಾವ ತಿಂಗಳೊಳಗೆ ಯಾವ ಕೆಲಸಕ್ಕೆ ಬಳಸುತ್ತೇವೆ ಎಂದು ಫೆಬ್ರುವರಿಯಲ್ಲೇ ದಾನಿಗೆ ಪತ್ರ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಬಾರದಿದ್ದರೆ ಉಳಿದದ್ದನ್ನು ಬ್ಯಾಂಕಿನ ಮೂಲಕ ಹಿಂತಿರುಗಿಸಿ, ಅದರ ರಸೀದಿಯನ್ನು ಕಡತದಲ್ಲಿಡಿ.